ಮರಳು ದಾಟಿಸುವ ನೀರು

ಗುರುವಾರ ಬರುವ ಗಿರಾಕಿಗಳಿಗೆ ಪ್ರಯೋಗ ತೋರಿಸುವವಳು ಧನ್ಯಶ್ರೀ ಎಂದು ಮಾಲೀಕರು ಹೇಳಿದಾಗ, ಪುಟ್ಟಲಕ್ಷ್ಮಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂಬ ಅನುಮಾನ ಬಂತು.

"ಈ ಸಲ ಆ ಹುಡುಗಿ ಮಾಡ್ಲಿ, ಪುಟ್ಟಲಕ್ಷ್ಮಿ ಅವರೇ. ಹೊಸ ಐಡಿಯಾ ಅವಳದು. ನೀವು ಜೊತೆಗಿರಿ, ಸಾಕು," ಎಂದರು ಚನ್ನವೀರೇಶ್.

"ಆಗ್ಲಿ ಸಾರ್," ಎಂದಳು. ಆ 'ಸಾಕು' ಎಂಬ ಮಾತು ಮಾತ್ರ ಇಡೀ ದಿನ ಚುಚ್ಚುತ್ತಲೇ ಇತ್ತು.

ರಾಜಾಜಿನಗರ ಕೈಗಾರಿಕಾ ಪ್ರದೇಶದ ಆ ಸಣ್ಣ ಕಾರ್ಖಾನೆಯ ಲ್ಯಾಬಿನಲ್ಲಿ ಅವಳಿಗೆ ಇಪ್ಪತ್ತೊಂದು ವರ್ಷ ಸರ್ವಿಸಾಗಿತ್ತು. ಅಲ್ಲಿ ಗೋರಿಕಾಯಿ ಬೀಜದಿಂದ ಅಂಟಿನ ಪುಡಿ ಮಾಡಿ ತೈಲಬಾವಿ ತೋಡುವ ಕಂಪನಿಗಳಿಗೆ ಮಾರುತ್ತಿದ್ದರು. ಪಲ್ಯದ ಗೋರಿಕಾಯಿಗೂ ತೈಲಕ್ಕೂ ಏನು ಸಂಬಂಧ ಎಂದು ಕೆಂಗೇರಿಯ ಅಕ್ಕಪಕ್ಕದವರು ಕೇಳಿದರೆ ಪುಟ್ಟಲಕ್ಷ್ಮಿ ಸೆರಗು ಸರಿಮಾಡಿಕೊಂಡು ವಿವರಿಸಲು ಕೂರುತ್ತಿದ್ದಳು. ನೆಲದಡಿಯ ಬಂಡೆಗೆ ಭಾರೀ ಒತ್ತಡದಲ್ಲಿ ನೀರು ನುಗ್ಗಿಸಿ ಬಿರುಕು ಬಿಡಿಸುತ್ತಾರೆ. ಒತ್ತಡ ಬಿಟ್ಟರೆ ಬಿರುಕು ಮತ್ತೆ ಮುಚ್ಚಿಕೊಳ್ಳುತ್ತದೆ. ಮುಚ್ಚದ ಹಾಗೆ ಒಳಗೆ ಮರಳು ತುಂಬಬೇಕು. ಬರೀ ನೀರಿಗೆ ಹಾಕಿದರೆ ಮರಳು ಬಿರುಕಿನ ಬಾಗಿಲಲ್ಲೇ ತಳಕ್ಕೆ ಕೂರುತ್ತದೆ. ಅಂಟಿನ ಪುಡಿ ಕಲಸಿ ನೀರನ್ನು ಗಂಜಿಯ ಹಾಗೆ ಮಂದ ಮಾಡಿದರೆ ಅದು ಮರಳನ್ನು ಎತ್ತಿಕೊಂಡು ಬಿರುಕಿನ ಕೊನೆಯವರೆಗೂ ಹೋಗುತ್ತದೆ. ಲ್ಯಾಬಿನವರೆಲ್ಲ ಅದನ್ನು ಗಂಜಿ ಎಂದೇ ಕರೆಯುತ್ತಿದ್ದರು. ಒಂದು ಗಂಟೂ ಇಲ್ಲದ ಗಂಜಿ ಮಾಡಲು ಪುಟ್ಟಲಕ್ಷ್ಮಿಯೇ ಬೇಕಿತ್ತು.

ಎಂಟು ತಿಂಗಳ ಹಿಂದೆ ಎಂ.ಎಸ್ಸಿ. ಮುಗಿಸಿ ಬಂದ ಧನ್ಯಶ್ರೀಗೆ ಮರಳು ಅಳೆಯುವುದನ್ನೂ ಜರಡಿಯಾಡುವುದನ್ನೂ ಕಲಿಸಿದವಳು ಇವಳೇ. ವಿಜಯನಗರದ ಆ ಹುಡುಗಿಯ ಜೊತೆಗೇ ಸಂಜೆ ಮೆಟ್ರೋ ಹತ್ತುತ್ತಿದ್ದಳು. ಆದರೆ ಹುಡುಗಿ ಸುಮ್ಮನೆ ಕೂರುವವಳಲ್ಲ. "ಮೇಡಂ, ಗಂಜಿ ಬಂಡೆ ಒಳಗೇ ಸ್ವಲ್ಪ ಅಂಟ್ಕೊಂಡು ಉಳಿಯುತ್ತಲ್ಲ, ಆಮೇಲೆ ಎಣ್ಣೆ ಬರೋ ದಾರೀನೇ ಕಟ್ಟುತ್ತಲ್ಲ?" ಎಂದು ಕೇಳಿ, ಗಾಜಿನಂತೆ ಒಳಗೆಲ್ಲ ಕಾಣುವ ಎರಡು ದಪ್ಪ ಅಕ್ರಿಲಿಕ್ ಹಾಳೆಗಳ ನಡುವೆ ಬೆರಳೂ ತೂರದಷ್ಟು ಸಂದು ಬಿಟ್ಟು, ಆರಡಿ ಉದ್ದದ ಬಿರುಕೊಂದನ್ನು ಮೇಜಿನ ಮೇಲೆ ನಿಲ್ಲಿಸಿದಳು. ಅದರೊಳಗೆ ಮರಳು ಬೆರೆಸಿದ ತೆಳು ನೀರನ್ನೇ ಜೋರಾಗಿ ಹರಿಸಿದಳು. ಪೈಪಿನಲ್ಲಿ ನೀರು ಜಾರಿ ಓಡಲೆಂದು ಬೇರೊಂದು ಪುಡಿಯನ್ನು ಚಿಟಿಕೆಯಷ್ಟು ಬೆರೆಸಿದ್ದಳು, ಅಷ್ಟೇ.

ಮರಳು ಬಿತ್ತು. ಬಿದ್ದು ದಿಬ್ಬವಾಯಿತು. ಪುಟ್ಟಲಕ್ಷ್ಮಿ ಒಳಗೊಳಗೇ ಹಿಗ್ಗಿದಳು. ಅಷ್ಟರಲ್ಲಿ ದಿಬ್ಬ ಬೆಳೆದು, ಅದರ ಮೇಲಿನ ಜಾಗ ಕಿರಿದಾಯಿತು. ಕಿರಿದಾದ ಕಡೆ ನೀರಿನ ಓಟ ಹೆಚ್ಚಿತು. ಹಿಂದೆ ಬಂದ ಮರಳು ದಿಬ್ಬದ ಬೆನ್ನ ಮೇಲೆ ಉರುಳುತ್ತ, ನೆಗೆಯುತ್ತ ಆಚೆ ಬಿತ್ತು. ಹಾಗೇ ಆರಡಿಯೂ ತುಂಬಿತು. ಚನ್ನವೀರೇಶ್ ಚಪ್ಪಾಳೆ ತಟ್ಟಿದರು. ತನ್ನ ಗಂಜಿಗೆ ಅವರು ಯಾವತ್ತೂ ಚಪ್ಪಾಳೆ ತಟ್ಟಿರಲಿಲ್ಲವೆಂಬುದು ಅವಳಿಗೆ ಆ ಕ್ಷಣದಲ್ಲೇ ಹೊಳೆಯಿತು. ಅಂದಿನಿಂದ ಆ ಹುಡುಗಿಯ ನಗು ಕೇಳಿದರೂ ಹೊಟ್ಟೆ ಉರಿಯುತ್ತಿತ್ತು.

ಬುಧವಾರ ಸಂಜೆ ಧನ್ಯಶ್ರೀ ಮರುದಿನಕ್ಕೆ ಒಂದು ಡ್ರಮ್ಮಿನಷ್ಟು ನೀರು ಸಿದ್ಧಮಾಡುತ್ತಿದ್ದಳು. ಈ ಮೊದಲು ಬಕೆಟ್ಟಿನಲ್ಲಿ ಕೋಲಿನಿಂದ ಕಲಸಿದ್ದವಳು ಈಗ ಗಂಜಿ ಕಡೆಯುವ ಜೋರು ಮಿಕ್ಸರ್ ಹಚ್ಚಿದ್ದಳು. ಪುಟ್ಟಲಕ್ಷ್ಮಿ ಬಾಗಿಲಲ್ಲೇ ನಿಂತಳು. ಹತ್ತು ವರ್ಷದ ಹಿಂದೆ ಇಂಥದೇ ಪುಡಿಯನ್ನು ಅದೇ ಮಿಕ್ಸರಿಗೆ ಹಾಕಿ ಅವಳು ಕೆಡಿಸಿದ್ದಳು. ಆ ಪುಡಿಯ ಎಳೆಗಳು ಉದ್ದುದ್ದ. ಜೋರಾಗಿ ಕಡೆದರೆ ತುಂಡಾಗಿ, ನೀರು ಜಾರುವ ಗುಣವನ್ನೇ ಕಳೆದುಕೊಳ್ಳುತ್ತದೆ. ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ.

"ಮೇಡಂ, ಅರ್ಧ ಗಂಟೆ ತಿರುಗ್ಸಿದ್ರೆ ಸಾಕಾಗುತ್ತಾ?" ಧನ್ಯಶ್ರೀ ತಿರುಗಿ ಕೇಳಿದಳು.

ಒಂದೇ ಒಂದು ಮಾತು ಹೇಳಬೇಕಿತ್ತು. ಪುಟ್ಟಲಕ್ಷ್ಮಿ ಬ್ಯಾಗನ್ನು ಹೆಗಲಿಗೇರಿಸಿದಳು. "ನಂಗೇನು ಗೊತ್ತಮ್ಮ, ಹೊಸ ಐಡಿಯಾ ನಿಂದಲ್ವಾ," ಎಂದು ಹೇಳಿ ಒಬ್ಬಳೇ ಹೊರಟುಬಿಟ್ಟಳು.

ಗುರುವಾರ ಹನ್ನೊಂದಕ್ಕೆ ಗಿರಾಕಿ ಕಂಪನಿಯ ಎಂಜಿನಿಯರ್ ನಂಜುಂಡಪ್ಪ ಇಬ್ಬರನ್ನು ಕರೆದುಕೊಂಡು ಬಂದರು. ಪಂಪ್ ಶುರುವಾಯಿತು. ಪೈಪಿನಲ್ಲೇ ತೆವಳಿಕೊಂಡು ಬಂದ ನೀರಿಗೆ ಹಿಂದಿನ ಓಟವಿರಲಿಲ್ಲ. ಮರಳು ಬಾಗಿಲಲ್ಲೇ ಕೂತು, ದಿಬ್ಬ ಏರುತ್ತ ಏರುತ್ತ ಮೇಲಿನ ಅಂಚಿಗೇ ತಾಗಿ ದಾರಿ ಮುಚ್ಚಿತು. ಒತ್ತಡದ ಮುಳ್ಳು ಕೆಂಪು ಗೆರೆ ದಾಟಿತು. ಧನ್ಯಶ್ರೀ ಸ್ವಿಚ್ಚಿಗೆ ಕೈಹಾಕುವಷ್ಟರಲ್ಲಿ ಅಕ್ರಿಲಿಕ್ ಹಾಳೆಯ ಬೆಸುಗೆ ಬಿಟ್ಟು, ಮರಳು ನೀರು ನಂಜುಂಡಪ್ಪನವರ ಪ್ಯಾಂಟಿಗೆಲ್ಲ ಚಿಮ್ಮಿತು.

"ಇದನ್ನ ತೋರ್ಸೋಕೆ ಇವ್ರನ್ನ ಕರೆಸ್ಬೇಕಿತ್ತಾ?" ಚನ್ನವೀರೇಶರ ಮುಖ ಕೆಂಪಾಗಿತ್ತು. "ಪುಟ್ಟಲಕ್ಷ್ಮಿ ಅವರೇ, ನಿಮ್ಮ ಗಂಜಿ ಮಾಡ್ರೀ. ಗಂಜಿ ಹರಿಸಿ ತೋರ್ಸೋ ಆ ಹಳೇ ಗಾಜಿನ ಪೆಟ್ಟಿಗೆ ತನ್ನಿ."

ಅವಳು ಗಂಜಿ ಮಾಡಿದಳು. ಮರಳು ಅದರೊಳಗೆ ತೇಲುತ್ತ, ಒಂದು ಕಣವೂ ಕೆಳಗಿಳಿಯದೆ ಕೊನೆ ಮುಟ್ಟಿತು. ಎಲ್ಲರೂ ಅವಳ ಕೈಗುಣ ಹೊಗಳಿದರು. ಈ ಸಲ ಚಪ್ಪಾಳೆಯೂ ಬಿತ್ತು.

"ಅದ್ಯಾಕಮ್ಮ ಹಂಗಾಯ್ತು?" ನಂಜುಂಡಪ್ಪ ಹುಡುಗಿಯನ್ನು ಕೇಳಿದರು.

"ತಪ್ಪು ನಂದೇ ಸಾರ್. ಎಲ್ಲಿ ಅಂತ ಇನ್ನೂ ಗೊತ್ತಾಗಿಲ್ಲ," ಎಂದಳು ಧನ್ಯಶ್ರೀ. ಅವಳು ಯಾರ ಕಡೆಗೂ ಬೆರಳು ತೋರಿಸಲಿಲ್ಲ. ಪುಟ್ಟಲಕ್ಷ್ಮಿಗೆ ಚಪ್ಪಾಳೆಯ ಖುಷಿ ಅಲ್ಲಿಗೇ ಕೆಟ್ಟಿತು. ಇಂಥ ಮಾತನ್ನು ತಾನು ಯಾವತ್ತಾದರೂ ಆಡಿದ್ದೆನೇ? ಹುಡುಗಿಯ ಈ ಗುಣದ ಮೇಲೂ ಅವಳಿಗೆ ಹೊಟ್ಟೆಕಿಚ್ಚಾಯಿತು.

ಸಂಜೆ ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ ಇಬ್ಬರೂ ಅಕ್ಕಪಕ್ಕ ನಿಂತಿದ್ದರು. ಧನ್ಯಶ್ರೀ ನೋಟ್‌ಬುಕ್ ತೆರೆದು ಒಂದೊಂದನ್ನೇ ಹೊಡೆದುಹಾಕುತ್ತಿದ್ದಳು: ಮರಳು ಅದೇ, ಪಂಪ್ ಅದೇ, ಪುಡಿ ಅದೇ. ಪೆನ್ನು ನಿಂತಿತು.

"ಬದಲಾಗಿದ್ದು ಮಿಕ್ಸರ್ ಒಂದೇ. ಅಲ್ವಾ ಮೇಡಂ?"

"ಹೂಂ. ಅದೇ," ಎಂದಳು ಪುಟ್ಟಲಕ್ಷ್ಮಿ. ಸುಳ್ಳು ಬಾಯಿಗೆ ಬರಲಿಲ್ಲ. "ಜೋರಾಗಿ ಕಡೆದ್ರೆ ಆ ಪುಡಿ ಕೆಡುತ್ತೆ."

"ನಿಮಗೆ ನಿನ್ನೇನೇ ಗೊತ್ತಿತ್ತಾ?"

"ಗೊತ್ತಿತ್ತು."

ಧನ್ಯಶ್ರೀ ನೋಟ್‌ಬುಕ್ ಮುಚ್ಚಿದಳು. "ನಾನು ಕೇಳಿದ್ನಲ್ಲ ಮೇಡಂ ನಿಮ್ಮನ್ನ," ಎಂದಳು. ವಿಜಯನಗರ ಬಂದಾಗ ಹಿಂತಿರುಗಿ ನೋಡದೆ ಇಳಿದು ಹೋದಳು. ಕೆಂಗೇರಿಯವರೆಗೂ ಪುಟ್ಟಲಕ್ಷ್ಮಿ ತಲೆಯೆತ್ತಲಿಲ್ಲ.

ಮರುದಿನ ಬೆಳಿಗ್ಗೆ ಯಾರೂ ಕೇಳುವ ಮೊದಲೇ ಅವಳು ಚನ್ನವೀರೇಶರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವಾ? ಯಾಕೆ ಪುಟ್ಟಲಕ್ಷ್ಮಿ ಅವರೇ?"

"ಹೊಟ್ಟೆಕಿಚ್ಚು ಸಾರ್. ಇನ್ನೇನು ಹೇಳ್ಲಿ. ನಂಜುಂಡಪ್ಪನವರನ್ನ ಇನ್ನೊಂದ್ಸಲ ಕರೀರಿ. ಬೇಕಾದ್ರೆ ನಾನೇ ಫೋನ್ ಮಾಡಿ ತಪ್ಪು ಒಪ್ಕೋತೀನಿ."

ಅವರು ಬಾಯಿಗೆ ಬಂದ ಹಾಗೆ ಬೈದರು; ಬೈಸಿಕೊಂಡಳು. ಫೋನನ್ನೂ ಅವಳೇ ಮಾಡಬೇಕಾಯಿತು.

ಮುಂದಿನ ಬುಧವಾರ ನಂಜುಂಡಪ್ಪ ಒಬ್ಬರೇ ಬಂದರು. ಡ್ರಮ್ಮಿನ ನೀರನ್ನು ಧನ್ಯಶ್ರೀ ಮರದ ಹುಟ್ಟಿನಿಂದ ನಿಧಾನವಾಗಿ ತಾನೇ ಕಲಸಿದ್ದಳು. ಪುಟ್ಟಲಕ್ಷ್ಮಿಯನ್ನು ಹತ್ತಿರಕ್ಕೂ ಬಿಟ್ಟುಕೊಂಡಿರಲಿಲ್ಲ. ಪಂಪ್ ಗುನುಗಿತು. ದಿಬ್ಬ ಎದ್ದಿತು, ನೀರು ಅದರ ನೆತ್ತಿಯ ಮೇಲೆ ರಭಸವಾಗಿ ಓಡಿತು, ಮರಳು ನೆಗೆನೆಗೆದು ಕೊನೆ ಮುಟ್ಟಿತು. ನಂಜುಂಡಪ್ಪ ಮೊಣಕಾಲೂರಿ ಕೂತು ಮಗುವಿನ ಹಾಗೆ ನೋಡಿದರು. "ದಪ್ಪ ಮರಳಿಗೆ ಗಂಜಿ, ಸಣ್ಣದಕ್ಕೆ ಇದು. ಎರಡೂ ಕಳ್ಸಿ," ಎಂದರು.

ಗೋಡೆಗೊರಗಿ ನಿಂತಿದ್ದ ಪುಟ್ಟಲಕ್ಷ್ಮಿಗೆ ಎದೆಯಲ್ಲಿ ಆ ಹಳೆಯ ಉರಿ ಎದ್ದೇ ಎದ್ದಿತು. ತಪ್ಪೊಪ್ಪಿಕೊಂಡ ಮೇಲೆ ಅದು ಹೋಗಿಬಿಡುತ್ತದೆ ಎಂದುಕೊಂಡಿದ್ದಳು, ಹೋಗಿರಲಿಲ್ಲ. ಆದರೂ ಅವಳು ಅಲ್ಲಿಂದ ಕದಲದೆ ಕೊನೆಯವರೆಗೂ ನೋಡಿದಳು. ನೋಡುವ ಹಾಗೆಯೇ ಇತ್ತು ಅದು.

ಆಮೇಲೆ ಎಷ್ಟೋ ವಾರ ಧನ್ಯಶ್ರೀ ಅವಳ ಜೊತೆ ಮೆಟ್ರೋ ಹತ್ತಲಿಲ್ಲ. ಒಂದು ಮಧ್ಯಾಹ್ನ ಮಾತ್ರ ಒಂದು ಲೋಟ ನೀರು ತಂದು ಮುಂದಿಟ್ಟಳು. "ಬೋರ್ ನೀರಲ್ಲಿ ಕಲಸ್ದೆ. ಯಾಕೋ ಮೊದಲಿನಷ್ಟು ಜಾರ್ತಿಲ್ಲ. ನಿಮಗೆ ಗೊತ್ತಿದ್ರೆ ಹೇಳಿ, ಇಲ್ಲಾಂದ್ರೆ ಬೇಡ," ಎಂದಳು ಬಿಗಿಯಾಗಿ.

ಪುಟ್ಟಲಕ್ಷ್ಮಿ ಸ್ಟೂಲನ್ನು ಅವಳ ಕಡೆಗೆ ಸರಿಸಿದಳು. "ಕೂತ್ಕೋ. ಈ ಏರಿಯಾದ ಬೋರ್ ನೀರು ತುಂಬಾ ಗಡಸು ಕಣೇ," ಎಂದು ಶುರುಮಾಡಿ, ತನಗೆ ಗೊತ್ತಿದ್ದಷ್ಟನ್ನೂ ಹೇಳಿದಳು.