ಹನ್ನೊಂದು ದಿನದ ಸಂದರ್ಶಕಿ

ನಿನ್ನನ್ನು ಖಾಯಂ ಮಾಡುವುದಿಲ್ಲ ಎಂದು ಒಂದೇ ಸಾಲಿನಲ್ಲಿ ಹೇಳಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ವಿಶ್ವವಿದ್ಯಾಲಯದವರು ಒಂದೂವರೆ ಪುಟ ಬರೆದಿದ್ದರು. ಮೊದಲ ಪುಟವೆಲ್ಲ ಹೊಗಳಿಕೆ. ‘ಡಾ. ಲಿಖಿತಾ ಅವರ ಬೋಧನೆ ಶ್ಲಾಘನೀಯ, ಸಂಶೋಧನೆ ಗಮನಾರ್ಹ.’ ಅದರ ಕೆಳಗೆ ‘ಆದಾಗ್ಯೂ’. ಆ ಪದ ಕಂಡ ಮೇಲೆ ಮುಂದೆ ಓದುವ ಅಗತ್ಯವೇ ಇರಲಿಲ್ಲ, ಆದರೂ ಓದಿದೆ. ‘ಆರು ವರ್ಷಗಳ ಸೇವೆಯಲ್ಲಿ ನಿರಂತರತೆ ಕಂಡುಬಾರದ ಕಾರಣ ಸಮಿತಿಯು ಶಿಫಾರಸು ಮಾಡಿರುವುದಿಲ್ಲ.’ ಸೆಪ್ಟೆಂಬರ್ ಕೊನೆಗೆ ಬಿಡುಗಡೆ.

ನಿರಂತರತೆ ಇಲ್ಲವಂತೆ! ಅದನ್ನು ಕಡಿದವರು ಯಾರು? ಪ್ರತಿ ಮೇ ತಿಂಗಳು ನಮ್ಮಂಥ ಗುತ್ತಿಗೆಯವರನ್ನು ಹನ್ನೊಂದು ದಿನ ಮನೆಗೆ ಕಳಿಸಿ, ಹನ್ನೆರಡನೆಯ ದಿನ ಹೊಸ ಆದೇಶ ಕೊಡುವುದು ಅವರದೇ ಪದ್ಧತಿ. ತಾವೇ ಕತ್ತರಿ ಹಾಕಿ, ಬಟ್ಟೆ ಹರಿದಿದೆ ಎಂದು ನನ್ನ ಮೇಲೆ ದೂರು.

ನಮ್ಮ ಕ್ಯಾಂಪಸ್ಸು ಸಾಗರದಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿದೆ. ಅದರ ಹಿಂದೆ ಯಾರಿಗೂ ಬೇಡವಾಗಿದ್ದ ಜೌಗು ಜಾಗವನ್ನು ಗದ್ದೆ ಮಾಡಿ, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನಲವತ್ಮೂರು ನಾಟಿ ಭತ್ತದ ತಳಿ ಬೆಳೆಸಿದವಳು ನಾನು. ನಗರವೆಂಬ ಊರಿನ ಕೋಟೆಯ ಹಿಂದಿನ ಮನೆಯೊಂದರಿಂದ ನೆರೆ ನೀರಿಗೂ ಕೊಳೆಯದ ನೆರೆಗೂಳಿ ತಂದೆ. ಮೇಗರವಳ್ಳಿಯ ರೈತರೊಬ್ಬರು ಒಂದು ಮುಷ್ಟಿ ಬೀಜಕ್ಕೆ ಮೂರು ಸಲ ಬಸ್ಸು ಹತ್ತಿಸಿದರು. ಮಳೆ ಹಿಡಿಯುವ ಮೊದಲು, ಅಂದರೆ ಸರಿಯಾಗಿ ಆ ಹನ್ನೊಂದು ದಿನಗಳಲ್ಲೇ, ಬೀಜವನ್ನೆಲ್ಲ ಬಿಸಿಲಿಗೆ ಹಾಕಬೇಕು. ಇಲ್ಲದಿದ್ದರೆ ಹುಳ ಹಿಡಿಯುತ್ತದೆ. ರಜಿಸ್ಟ್ರಾರರ ಆದೇಶ ಹುಳಕ್ಕೆ ಗೊತ್ತಾಗುತ್ತದೆಯೇ? ಹಾಗಾಗಿ ಸಂಬಳವಿಲ್ಲದಿದ್ದರೂ ಆ ದಿನಗಳಲ್ಲೂ ಹೋಗುತ್ತಿದ್ದೆ.

ಪತ್ರ ಬಂದ ಸಂಜೆ ನಮ್ಮ ಅಜ್ಜಿ ಗುತ್ಯಮ್ಮ ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ಅವಳಿಗೆ ಎಂಬತ್ತಾರು ವರ್ಷ, ಓದು ಬರುವುದಿಲ್ಲ.

“ಗದ್ದೆ ಒಡೇರು ನಮಗೂ ಹಿಂಗೇ ಮಾಡಿದ್ರು ಕಣೆ,” ಎಂದಳು. “ಗದ್ದೆ ಗೇಯೋದು ನಾವು. ಮೂರು ವರ್ಷಕ್ಕೊಂದ್ಸಲ ಕಾಗದದಾಗೆ ಬೇರೇರ ಹೆಸ್ರು. ಗೇಣಿ ಗದ್ದೆ ನಮಗೆ ಬರ್ಬೇಕು ಅಂತ ಡಿಕ್ಲರೇಷನ್ ಹಾಕ್ದಾಗ, ಇವ್ರು ಒಂದೇ ಸಮ ಗೇದೇ ಇಲ್ಲ ಅಂದ್ಬಿಟ್ರು.”

“ಆಮೇಲೆ?”

“ಟ್ರಿಬ್ಯೂನಲ್ ಸಾಹೇಬ್ರು ಗದ್ದೆಗೇ ಬಂದ್ರು. ಕಾಗದ ಮಡಚಿಟ್ಟು ಕೇಳಿದ್ರು, ಭೂಮಿ ಹುಣ್ಣಿಮೆಗೆ ಈ ಗದ್ದೆಗೆ ಚರಗ ಹಾಕೋರು ಯಾರು ಅಂತ. ಒಡೇರ ಮನೆ ಆಳೇ ನನ್ನ ಕಡೆ ಕೈ ತೋರಿಸ್ದ.”

ಒಡಲೊಳಗೆ ತೆನೆ ಕಟ್ಟಿ ಹೊಡೆ ತುಂಬಿದ ಭತ್ತವನ್ನು ನಾವು ಬಸುರಿ ಎನ್ನುತ್ತೇವೆ. ಭೂಮಿ ಹುಣ್ಣಿಮೆಯ ಬೆಳಿಗ್ಗೆ ಸೊಪ್ಪು, ಕಾಯಿ ಬೇಯಿಸಿ ಅನ್ನಕ್ಕೆ ಕಲಸಿ ಗದ್ದೆಯ ತುಂಬ ಬೀರುವುದೇ ಚರಗ, ಬಸುರಿಯ ಬಯಕೆಯ ಊಟ. ಗೇಯದವರು ಅದನ್ನು ಮಾಡುವುದಿಲ್ಲ.

“ನಿಂಗೆ ಸಾಕ್ಷಿ ಯಾರಿದಾರೆ?” ಎಂದು ಅಜ್ಜಿ ಕೇಳಿದಾಗ ನನಗೆ ನೆನಪಾದದ್ದು ಗೇಟಿನ ಜಟ್ಟಿಂಗಪ್ಪ. ಆ ಹನ್ನೊಂದು ದಿನ ನನ್ನ ಐಡಿ ಕಾರ್ಡ್ ನಡೆಯುತ್ತಿರಲಿಲ್ಲ. ಅವನು ಸಂದರ್ಶಕರ ಪುಸ್ತಕದಲ್ಲಿ ನನ್ನ ಹೆಸರು ಬರೆಸಿಕೊಂಡೇ ಒಳಗೆ ಬಿಡಬೇಕಿತ್ತು. ಕೇಳಿದ್ದೇ ತಡ, ಹಳೆಯ ಪುಸ್ತಕಗಳನ್ನೆಲ್ಲ ಧೂಳು ಕೊಡವಿ ತಂದಿಟ್ಟ. ಆರು ಮೇ ತಿಂಗಳು, ಅರವತ್ತಾರು ದಿನ, ಒಂದೂ ತಪ್ಪಿಲ್ಲ. ಪುಟಪುಟದ ಫೋಟೊ ಹಿಡಿದು ಮೇಲ್ಮನವಿಗೆ ಲಗತ್ತಿಸಿದೆ. ಆ ಮೂರು ವಾರ ನಾನು ನಿಜಕ್ಕೂ ಆಸೆ ಇಟ್ಟುಕೊಂಡಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಉತ್ತರ ಬಂತು. ‘ಮೇಲ್ಮನವಿದಾರರು ಸದರಿ ದಿನಗಳಲ್ಲಿ ಸಂದರ್ಶಕರಾಗಿ ಬಂದುಹೋಗಿರುವುದು ಅವರೇ ಸಲ್ಲಿಸಿದ ದಾಖಲೆಯಿಂದ ದೃಢಪಟ್ಟಿರುತ್ತದೆ.’

ಸಿಟ್ಟಿಗೆ ಅಳು ಬಂತು. ಅತ್ತಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಸಮಿತಿಯಲ್ಲಿ ಕೂತು ಸಹಿ ಹಾಕಿದ್ದ ನಮ್ಮ ವಿಭಾಗದ ಮುಖ್ಯಸ್ಥ ಪೂರ್ಣೇಶ್, “ಬೇಜಾರ್ ಮಾಡ್ಕೋಬೇಡಿ ಮೇಡಂ, ಟೆಕ್ನಿಕಲಿ ಅವರು ಹೇಳೋದು ಸರೀನೇ,” ಎಂದರು. ನನ್ನ ತಮ್ಮ ಸಚಿನ್ ಯೂಟ್ಯೂಬ್ ಚಾನೆಲ್ ಶುರು ಮಾಡು ಎಂದ. ಎಲ್ಲ ಒಳ್ಳೆಯದಕ್ಕೇ ಆಗುತ್ತದೆ ಎಂದವರ ಫೋನನ್ನು ಅರ್ಧದಲ್ಲೇ ಕಟ್ ಮಾಡಿದೆ. ಯಾರ ಒಳ್ಳೆಯದಕ್ಕೆ? ಗೇದವಳಿಗೆ ಗದ್ದೆ ಕೊಡಿಸಿದ ಕಾನೂನು ಇದೇ ಸಾಗರದ ಸೀಮೆಯಲ್ಲಿ ನಮ್ಮ ಅಜ್ಜಿಯ ಕೈಗೆ ಪಟ್ಟೆ ಕೊಟ್ಟಿತು. ಕಲಿಸಿದವಳಿಗೆ ಒಂದು ಕುರ್ಚಿ ಕೊಡಿಸುವ ಕಾನೂನು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಅಕ್ಟೋಬರಿನಲ್ಲಿ ಭೂಮಿ ಹುಣ್ಣಿಮೆ ಬಂತು. ನಮ್ಮ ಗದ್ದೆಗೆ ಚರಗ ಹಾಕಿ ಮುಗಿಸಿದ ಅಜ್ಜಿ ಬುಟ್ಟಿ ಇಳಿಸಲಿಲ್ಲ. ಅದರಲ್ಲಿ ಅರ್ಧ ಅನ್ನ ಹಾಗೇ ಇತ್ತು.

“ಆಟೋ ಕರಿ. ನಿನ್ ಗದ್ದೆ ಹಸ್ಕಂಡೈತೆ,” ಎಂದಳು.

ಗೇಟಿನಲ್ಲಿ ಜಟ್ಟಿಂಗಪ್ಪ ತಲೆ ತಗ್ಗಿಸಿ ಪುಸ್ತಕ ಮುಂದಿಟ್ಟ. “ಬರೀಲೇಬೇಕು ಮೇಡಮ್ಮ, ಕ್ಯಾಮೆರಾ ಹಾಕಿದಾರೆ.” ಬರೆದೆ. ಹೆಸರು, ಊರು, ಒಳಬಂದ ಸಮಯ. ‘ಯಾರನ್ನು ಕಾಣಲು’ ಎಂಬಲ್ಲಿ ‘ನಲವತ್ಮೂರು ಬಸುರಿಯರನ್ನು’ ಎಂದು ಬರೆದೆ.

ಅಜ್ಜಿ ಬದುವಿನ ಮೇಲೆ ನಡೆಯುತ್ತ ಎರಡೂ ಕೈಯಲ್ಲಿ ಬೀರುತ್ತಿದ್ದಾಗ ಪೂರ್ಣೇಶ್ ಧಾವಿಸಿ ಬಂದರು. “ಪರ್ಮಿಷನ್ ತಗೊಂಡಿದೀರಾ?”

“ನೀವು ಈ ಗದ್ದೆಗೆ ಯಾವತ್ತಾರೂ ಚರಗ ಹಾಕೀರಾ ಸ್ವಾಮಿ?” ಅಜ್ಜಿ ನಿಲ್ಲದೆ ಕೇಳಿದಳು.

ಅವರು ದನಿ ತಗ್ಗಿಸಿ ನನ್ನ ಕಡೆ ತಿರುಗಿದರು. “ಮೇಡಂ, ಆ ಮೂಲೇಲಿ ತೆನೆಗೆ ಕಪ್ಪು ಮೀಸೆ ಇರೋದು ಯಾವ ತಳಿ? ಮಳೇಲಿ ಬೋರ್ಡ್ ಅಳಿಸಿಹೋಗಿದೆ. ನಾಳೆ ರಿಪೋರ್ಟ್ ಕಳಿಸ್ಬೇಕು.”

ಆ ತಳಿಯ ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆರು ವರ್ಷ ಅದನ್ನು ಮಕ್ಕಳಿಗೆ ಹೇಳಿಕೊಟ್ಟವಳು ನಾನು.

“ನನ್ನನ್ನ ಕೇಳಿದ್ರೆ ಹೇಗೆ ಸರ್? ನಾನು ಸಂದರ್ಶಕಿ,” ಎಂದೆ.

ಬುಟ್ಟಿ ಖಾಲಿಯಾಯಿತು. ಅಜ್ಜಿಯ ಕೈ ಹಿಡಿದುಕೊಂಡು ಗೇಟಿಗೆ ಬಂದಾಗ ಜಟ್ಟಿಂಗಪ್ಪ ಮತ್ತೆ ಪುಸ್ತಕ ತೆರೆದು ಪೆನ್ನು ಕೊಟ್ಟ. ‘ಹೊರಹೋದ ಸಮಯ’ ಎಂಬ ಕಾಲಂ ತೋರಿಸಿದ.

“ಅದನ್ನ ಖಾಲಿ ಬಿಡು ಜಟ್ಟಿಂಗಪ್ಪ,” ಎಂದೆ. “ಕೊಯ್ಲು ಇನ್ನೂ ಆಗಿಲ್ಲ.”

ಅವನು ಕ್ಯಾಮೆರಾದ ಕಡೆ ಒಮ್ಮೆ ನೋಡಿ ಪುಸ್ತಕ ಮುಚ್ಚಿದ.