ಹಾಲಸಿದ್ದಪ್ಪನ ಫಿಯೆಟ್ಟಿನ ಎಡಗಡೆ ಸೀಟು

ಸವಡಿಯ ಹಾಲಸಿದ್ದಪ್ಪ ನಿವೃತ್ತನಾದ ಮರುವರ್ಷ ಮನೆಗೊಂದು ಹಳೇ ಫಿಯೆಟ್ ಕಾರು ತಂದ. ತಂದ ಅನ್ನುವುದು ದೊಡ್ಡ ಮಾತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಗಜೇಂದ್ರಗಡದ ವಕೀಲರೊಬ್ಬರ ಹಿತ್ತಲಿನಲ್ಲಿ ಬೇವಿನ ಮರದ ಕೆಳಗೆ ಅದು ಎಷ್ಟು ಕಾಲ ನಿಂತಿತ್ತೆಂದರೆ, ಎಳೆದಾಗ ಕಾರು ಬಂತು, ಹಿಂದಿನ ಬಂಪರು ಬೇರಿಗೆ ಸಿಕ್ಕಿ ಅಲ್ಲೇ ಉಳಿಯಿತು. ವಕೀಲರು ಸಂಭಾವಿತರು. ಮರುದಿನ ಅದನ್ನು ಬಸ್ಸಿಗೆ ಹಾಕಿ ಕಳಿಸಿಕೊಟ್ಟರು.

ಹಾಲಸಿದ್ದಪ್ಪ ಬಸ್ ಡಿಪೋದಲ್ಲಿ ಬಾಡಿ ಕೆಲಸದವನಾಗಿದ್ದ. ಎಮ್ಮೆಗೆ ಗುದ್ದಿ ಬಂದ ಬಸ್ಸು, ಹುಣಸೆಮರಕ್ಕೆ ಒರಗಿ ಬಂದ ಬಸ್ಸು, ಎದುರಿನ ಬಸ್ಸಿಗೆ ಮುತ್ತು ಕೊಟ್ಟು ಬಂದ ಬಸ್ಸು, ಹೀಗೆ ಎಲ್ಲದರ ತಗಡು ಬಡಿದು ನೆಟ್ಟಗೆ ಮಾಡಿ, ಬಣ್ಣ ಹೊಡೆದು ರಸ್ತೆಗೆ ಬಿಡುವುದರಲ್ಲೇ ಅವನ ತಲೆ ನರೆಯಿತು. ಇಷ್ಟು ಬಸ್ಸು ಕಂಡ ಮನುಷ್ಯ ಹೆಂಡತಿ ಕಳಕವ್ವನನ್ನು ಒಂದು ದಿನ ಎಲ್ಲಿಗೂ ಕರೆದುಕೊಂಡು ಹೋದವನಲ್ಲ. ಅದು ಅವನ ಅರಿವಿಗೆ ಬಂದದ್ದು ನಿವೃತ್ತಿಯ ದಿನ. ಡಿಪೋದವರು ಶಾಲು ಹೊದಿಸಿ, "ಇನ್ನ ಅಕ್ಕಾರನ್ನ ಕರಕೊಂಡು ಊರೂರು ತಿರಗ್ರಿ" ಎಂದರು. ಪಕ್ಕದ ಕುರ್ಚಿಯಲ್ಲಿದ್ದ ಕಳಕವ್ವ ನಕ್ಕಳು. ಆ ನಗೆ ಅವನಿಗೆ ನಾಟಿತು. ನಾಲ್ಕು ದಿನ ಉಂಡದ್ದು ಮೈಗೆ ಹತ್ತಲಿಲ್ಲ.

ಐದನೆಯ ದಿನ ತೀರ್ಮಾನವಾಯಿತು. ಒಂದು ಕಾರು ತರುವುದು, ಸ್ವಂತ ಕೈಯಿಂದ ಅದನ್ನು ಹೊಸದು ಮಾಡುವುದು, ಎಡಗಡೆ ಸೀಟಿನಲ್ಲಿ ಕಳಕವ್ವನನ್ನು ಕೂಡಿಸಿಕೊಂಡು ಅಮಾವಾಸ್ಯೆಗೆ ಇಟಗಿ ಭೀಮಾಂಬಿಕೆಯ ಗುಡಿಗೆ ಹೋಗುವುದು. ಇದನ್ನು ಹೆಂಡತಿಗೊಂದು ಮಾತು ಹೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ. ಪುಣ್ಯಾತ್ಮ ಜೀವಮಾನದಲ್ಲಿ ತಗಡಿಗೆ ಹೇಳಿ ಕೇಳಿ ಬಡಿದವನಲ್ಲ.

ಎತ್ತು ಮಾರಿದ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿತ್ತು. ಫಿಯೆಟ್ಟು ಅಲ್ಲಿ ಗೋದಲಿಗೆ ಮೂತಿ ಹಚ್ಚಿ ನಿಂತಿತು. ಕಳಕವ್ವ ಬಾಗಿಲಲ್ಲಿ ನಿಂತು ನೋಡಿ, "ಇದಕ್ಕೇನ ಹಾಕ್ತೀರಿ? ಹೊಟ್ಟೋ, ಹಿಂಡಿಯೋ?" ಎಂದು ಕೇಳಿ ಒಳಗೆ ಹೋದಳು.

ಕಾರಿನ ಒಳಗೆ ಹಾಸಿದ್ದ ರಬ್ಬರು ಎತ್ತಿದಾಗ ತಳ ಇರಬೇಕಾದಲ್ಲಿ ಕೊಟ್ಟಿಗೆಯ ನೆಲ ಕಂಡಿತು. ಬಾಗಿಲುಗಳ ಕೆಳಭಾಗ ನೋಡಲು ಗಟ್ಟಿಯಾಗಿತ್ತು. ಬೆರಳಿನಿಂದ ಬಡಿದರೆ ಮಡಕೆಯ ಸಪ್ಪಳ ಬರುತ್ತಿತ್ತು. ಹಿಂದೆ ಯಾರೋ ಮಹಾನುಭಾವ ತುಕ್ಕು ತಿಂದಲ್ಲೆಲ್ಲ ಪುಟ್ಟಿ ಮೆತ್ತಿ ಮೇಲೆ ಬಣ್ಣ ಬಳಿದಿದ್ದ. ಹಾಲಸಿದ್ದಪ್ಪ ಉಜ್ಜುತ್ತಾ ಹೋದ, ಕಾರು ಕಡಿಮೆಯಾಗುತ್ತಾ ಹೋಯಿತು. ಬುಟ್ಟಿ ಬುಟ್ಟಿ ಪುಟ್ಟಿ ಹೊರಬಿತ್ತು. ಕಳಕವ್ವ ಅದನ್ನು ತಿಪ್ಪೆಗೆ ಚೆಲ್ಲಿ ಬಂದು, "ಕಾರ್ ಎಲ್ಲೈತ್ರಿ?" ಎಂದಳು. ಪ್ರಶ್ನೆ ನ್ಯಾಯವಾಗಿಯೇ ಇತ್ತು.

ವೆಲ್ಡಿಂಗಿಗೆಂದು ರೋಣದಿಂದ ಶಾಹೀದ ಬಂದ. ಕಾರನ್ನು ಒಂದು ಸುತ್ತು ಹಾಕಿ ಕೈಕಟ್ಟಿ ನಿಂತ.

"ಸಿದ್ದಪ್ಪಣ್ಣಾ, ಬೆಸಗಿ ಹಾಕಬೇಕಂದ್ರ ಎರಡೂ ಕಡೆ ತಗಡ ಬೇಕಾಗತೈತ್ರಿ. ಇಲ್ಲಿ ಒಂದೂ ಕಡೆ ಇಲ್ಲ."

"ಗಟ್ಟಿ ಸಿಗೂತನಾ ಕತ್ತರಸೂಣೋ ಮಾರಾಯಾ."

"ಹಂಗಂದ್ರ ಮ್ಯಾಲಿನ ಟಾಪಿನತನಾ ಹೋಗಬೇಕಾಗತೈತಿ."

ಅಷ್ಟೇನೂ ಹೋಗಬೇಕಾಗಲಿಲ್ಲ. ಕಿಟಕಿಯ ಗೆರೆಯ ಕೆಳಗೇ ಗಟ್ಟಿ ತಗಡು ಸಿಕ್ಕಿತು. ಗದಗಿನಿಂದ ಹೊಸ ತಗಡು ತರಿಸಿ, ರಟ್ಟಿನಲ್ಲಿ ಅಳತೆ ಕತ್ತರಿಸಿ, ಅದರಂತೆ ತಗಡು ಕತ್ತರಿಸಿ ಒಂದೊಂದೇ ತೇಪೆ ಕೂಡಿಸಿದರು. ತಳ ಆಯಿತು, ಬಾಗಿಲುಗಳಾದವು. ಕಷ್ಟ ಕೊಟ್ಟದ್ದು ಮುಂದಿನ ಮಡ್‌ಗಾರ್ಡು. ಹಾಲಸಿದ್ದಪ್ಪನದು ಬಸ್ಸಿನ ಕೈ. ಒಂದು ತಗ್ಗು ಎಬ್ಬಿಸಲು ಹೊಡೆದರೆ ಪಕ್ಕದಲ್ಲೊಂದು ದಿಬ್ಬ ಏಳುತ್ತಿತ್ತು. ದಿಬ್ಬಕ್ಕೆ ಹೊಡೆದರೆ ಮತ್ತೆರಡು ತಗ್ಗು. ಕಡೆಗೆ ಸುತ್ತಿಗೆ ಇಟ್ಟು ಕಟ್ಟಿಗೆಯ ಕೊಡತಿ ಹಿಡಿದ. ತಗಡಿನ ಹಿಂದೆ ಆಸರೆಗೆ ಹಿಡಿಯಲು ಅದೇ ಬಾಗಿನ ಗಟ್ಟಿ ವಸ್ತು ಬೇಕಾಗಿತ್ತು. ಇಡೀ ಮನೆ ಹುಡುಕಿ ಒಳಕಲ್ಲಿನ ಗುಂಡುಕಲ್ಲನ್ನು ಎತ್ತಿಕೊಂಡು ಬಂದ. ಅದು ಹೇಳಿ ಮಾಡಿಸಿದ ಹಾಗೆ ಕೂತಿತು.

"ಚಟ್ನಿ ಹ್ಯಾಂಗ ಅರೀಲಿ?" ಎಂದಳು ಕಳಕವ್ವ.

"ಒಂದೆಂಟ ದಿನ ತಡಿ."

ಎಂಟು ದಿನ ತಿಂಗಳಾಯಿತು. ಅಷ್ಟರಲ್ಲಿ ಸರಕಾರದವರು ಹೆಣ್ಣುಮಕ್ಕಳಿಗೆಲ್ಲ ಬಸ್ಸು ಪುಕ್ಕಟೆ ಮಾಡಿದರು.

ಮೊದಲ ವಾರ ಕಳಕವ್ವ ನಂಬಲಿಲ್ಲ. ಎರಡನೇ ವಾರ ಓಣಿಯ ಶಂಕ್ರವ್ವನ ಜೊತೆ ರೋಣದ ಸಂತೆಗೆ ಹೋಗಿ, ಕಂಡಕ್ಟರು ಕೊಟ್ಟ ಸೊನ್ನೆಯ ಟಿಕೇಟನ್ನು ಕುಂಕುಮದ ಭರಣಿಯಲ್ಲಿ ಇಟ್ಟಳು. ಮೂರನೇ ವಾರದಿಂದ ಅವಳನ್ನು ಹಿಡಿಯುವವರಿಲ್ಲ. ಮಗಳು ರೂಪಾನ ಮನೆಗೆಂದು ನರಗುಂದಕ್ಕೆ, ಬನಶಂಕರಿಗೆ, ಹುಲಿಗೆವ್ವನ ಗುಡಿಗೆ, ಸವದತ್ತಿಗೆ. ಒಂದು ದಿನ ಕೊಣ್ಣೂರಿನ ಸೇತುವೆಗೆ ಮಲಪ್ರಭೆಯ ನೀರು ಹತ್ತಿದೆಯಂತೆ ಎಂದು ಕೇಳಿ, ಬರೀ ನೀರು ನೋಡಲಿಕ್ಕೆ ಹೋದಳು. ನೀರು ನೋಡಿದಳು, ಸೇತುವೆ ಮುಚ್ಚಿದ್ದನ್ನು ನೋಡಿದಳು, ತಿರುಗಿ ಬಂದಳು. ಭಾಳ ಚಲೋ ಆಯಿತು ಎಂದಳು.

ಇತ್ತ ಹಾಲಸಿದ್ದಪ್ಪ ಯಾರಿಗಾಗಿ ಕೊಟ್ಟಿಗೆಯಲ್ಲಿ ಅಂಗಾತ ಮಲಗಿ ತುಕ್ಕು ಉಜ್ಜುತ್ತಿದ್ದನೋ ಅವಳು ಊರಲ್ಲೇ ಇರುವುದಿಲ್ಲ. ಬುಟ್ಟಿಯಲ್ಲಿ ರೊಟ್ಟಿ, ಗಡಿಗೆಯಲ್ಲಿ ಮಜ್ಜಿಗೆ; ಚಟ್ನಿ ಕೇಳುವ ಮುಖವಂತೂ ಅವನಿಗಿರಲಿಲ್ಲ. ಇನ್ನು ಲಗೂ ಮುಗಿಸಬೇಕು ಎಂದು ಗುದ್ದಾಡಿದ. ಕೆಂಪು ಪ್ರೈಮರು ಹೊಡೆದು, ಇಡೀ ಕಾರನ್ನು ನೀರು ಹಚ್ಚಿ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಎಲ್ಲಿಯೂ ತಡೆಯದ ಹಾಗೆ ಮಾಡಿದ. ಬಣ್ಣ ಯಾವುದಿರಲಿ ಎಂದು, ಚೀಲ ಹಿಡಿದು ಹೊರಟಿದ್ದ ಹೆಂಡತಿಯನ್ನು ಕೇಳಿದ.

"ಯಾವುದಾರ ಹೊಡೀರಿ, ಕೆಂಪ ಒಂದ ಬ್ಯಾಡ್ರಿ. ಕೆಂಪ ಕಂಡ್ರ ನಾ ಕೈ ಮಾಡಿ ನಿಂದ್ರಸ್ತೀನಿ" ಎಂದು ಅವಳು ಬಸ್ಸಿಗೆ ಓಡಿದಳು.

ಬೆಣ್ಣೆ ಬಣ್ಣ ತರಿಸಿದ. ಗಾಳಿಯಿಲ್ಲದ ಒಂದು ಮುಂಜಾನೆ ಕಾರನ್ನು ಅಂಗಳಕ್ಕೆ ನೂಕಿಸಿ, ಧೂಳು ಏಳದಂತೆ ನೆಲಕ್ಕೆ ನೀರು ಹೊಡೆದು, ಸ್ಪ್ರೇ ಗನ್ನು ಹಿಡಿದ. ಕಡೆಯ ಕೋಟು ಮುಗಿಯಿತು. ಕಾರು ಕನ್ನಡಿಯ ಹಾಗೆ ಹೊಳೆಯಿತು. ಅದೇ ಗಳಿಗೆಗೆ ಪಕ್ಕದ ಹಿತ್ತಲಿನಲ್ಲಿ ಅರ್ಜುನಪ್ಪ ಹೆಸರುಕಾಯಿ ಒಕ್ಕುವ ಮಷೀನು ಚಾಲೂ ಮಾಡಿದ.

ಹೊಟ್ಟು ಗೋಡೆ ದಾಟಿ ಬಂದು ಹಸಿಬಣ್ಣದ ಮೇಲೆ ನಿಧಾನಕ್ಕೆ ಕೂತಿತು. ಹಾಲಸಿದ್ದಪ್ಪ ಕೂಗಿದ್ದು ಮಷೀನಿನ ಸದ್ದಿನಲ್ಲಿ ಕೇಳಲಿಲ್ಲ. ರಾಶಿ ಮುಗಿಸಿ ಬಂದ ಅರ್ಜುನಪ್ಪ ಕಾರನ್ನು ಹಿಂದಿನಿಂದ ಮುಂದಿನಿಂದ ನೋಡಿ, "ಇರ್ಲಿ ಬಿಡೋ, ಕರಡಿಮರಿ ಆದಂಗ ಆಗೇತಿ, ದೃಷ್ಟಿ ಆಗೂದಿಲ್ಲ" ಎಂದ.

ಹಾಲಸಿದ್ದಪ್ಪ ಗೋಡೆಗೆ ಮುಖ ಮಾಡಿ ಅತ್ತ. ಸಂಜೆ ಬಸ್ಸಿಳಿದು ಬಂದ ಕಳಕವ್ವ ಗಂಡನನ್ನು ನೋಡಿದಳು, ಕಾರನ್ನು ನೋಡಿದಳು. ನಗಲಿಲ್ಲ. ಚೀಲ ಕೆಳಗಿಟ್ಟು, ಬಾಗಿಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ಒಂದು ಹೊಟ್ಟು ಎತ್ತಿದಳು.

"ಏ, ಮುಟ್ಟಬ್ಯಾಡ! ಹಸೀದೈತಿ, ಉಗರ ಬೀಳತೈತಿ!" ಎಂದು ಅವನು ಚೀರಿದ.

ಕಳಕವ್ವ ಎದ್ದಳು, ಚೀಲ ಎತ್ತಿಕೊಂಡಳು, ಒಳಗೆ ಹೋದಳು. ಆಮೇಲೆ ಕಾರಿನ ಹತ್ತಿರ ಸುಳಿಯಲಿಲ್ಲ.

ಮತ್ತೆ ಉಜ್ಜಿದ, ಮತ್ತೆ ಹೊಡೆದ. ಈ ಸಲ ಇಡೀ ಓಣಿಗೆ ಡಂಗುರ ಸಾರಿದ ಹಾಗೆ ಹೇಳಿ ಬಂದು ಹೊಡೆದ. ಇಂಜಿನ್ನಿಗೆ ಗಜೇಂದ್ರಗಡದ ಮೇಸ್ತ್ರಿ ಜೀವ ಕೊಟ್ಟ. ದೀಪಾವಳಿ ಪಾಡ್ಯಕ್ಕೆ ಪೂಜೆಯಾಯಿತು. ಕಾರು ಖರೇನ ಚಲೋ ಆಗಿತ್ತು; ಊರಿನವರು ಅದರಲ್ಲಿ ಮೀಸೆ ನೋಡಿಕೊಂಡು ಹೋದರು.

ಮುಂದಿನ ತಿಂಗಳು ಛಟ್ಟಿ ಅಮಾವಾಸ್ಯೆಯ ದಿನ ಹಾಲಸಿದ್ದಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾರನ್ನು ಬಾಗಿಲಿಗೆ ತಂದ. ಮನೆಗೆ ಕೀಲಿ ಬಿದ್ದಿತ್ತು. ಬಸ್‌ಸ್ಟ್ಯಾಂಡಿಗೆ ಹೋದ. ಕಳಕವ್ವ, ಶಂಕ್ರವ್ವ, ಇನ್ನಿಬ್ಬರು ಕಾಯಿಕರ್ಪೂರ ಹಿಡಿದು ನಿಂತಿದ್ದರು. ಅವನು ಕಾರು ನಿಲ್ಲಿಸಿ, ಇಳಿದು ಬಂದು ಎಡಗಡೆಯ ಬಾಗಿಲು ತೆಗೆದು ಹಿಡಿದ. ಚಹಾದಂಗಡಿಯವರೆಲ್ಲ ಕಪ್ಪು-ಬಸಿ ಕೈಯಲ್ಲೇ ಹಿಡಿದು ನೋಡಿದರು.

"ಹತ್ತು, ಇಟಗಿಗೆ ಹೋಗೂಣು."

"ಬಸ್ ಬಂತ್ರಿ" ಎಂದಳು ಕಳಕವ್ವ. ಬಸ್ಸು ಬಂದಿತ್ತು. ಹತ್ತಿದಳು.

ಮಾನ ಇದ್ದವನು ಮನೆಗೆ ಹೋಗುತ್ತಿದ್ದ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಹಾಲಸಿದ್ದಪ್ಪ ಬಸ್ಸಿನ ಬೆನ್ನು ಹತ್ತಿದ. ಬಸ್ಸು ನಿಂತಲ್ಲಿ ನಿಂತ, ಹೊರಟಾಗ ಹೊರಟ, ಎರೆಮಣ್ಣಿನ ಧೂಳನ್ನೆಲ್ಲ ಬೆಣ್ಣೆ ಬಣ್ಣಕ್ಕೆ ಬಳಿಸಿಕೊಂಡ. ರೋಣದಲ್ಲಿ ಹೆಂಗಸರು ಬಸ್ಸು ಬದಲಿಸುವಾಗ ಮತ್ತೆ ಬಾಗಿಲು ತೆಗೆದು ಹಿಡಿದ. ಶಂಕ್ರವ್ವ ಆಸೆಯಿಂದ ನೋಡಿದಳು. ಕಳಕವ್ವ ಅವಳ ರಟ್ಟೆ ಹಿಡಿದು ಬಸ್ಸಿಗೆ ಎಳೆದುಕೊಂಡು ಹೋದಳು.

ಇಟಗಿಯಲ್ಲಿ ದರ್ಶನವಾಯಿತು. ಹೆಂಗಸರು ಪ್ರಸಾದ ಮುಗಿಸಿ ಹೊರಬಂದಾಗ ಅವನು ನಾಗರತ್ನಾ ಎಂಬವಳ ಕಾಯಿ ಅಂಗಡಿಯ ಮುಂದೆ ಕಟ್ಟಿದ ಗೋಣಿತಟ್ಟಿನ ನೆರಳಿನಲ್ಲಿ ಕಾರು ಒರೆಸುತ್ತಿದ್ದ. ಕಳಕವ್ವ ಒಬ್ಬಳೇ ಹತ್ತಿರ ಬಂದಳು. ಬಾಗಿಲಿನ ಕೆಳಗೆ, ತೇಪೆ ಕೂಡಿಸಿದ ಜಾಗದಲ್ಲಿ ಕೈಯಾಡಿಸಿದಳು.

"ಭಾಳ ಚಲೋ ಮಾಡೀರಿ. ಎಲ್ಲಿ ಕೂಡಸೀರಿ ಅಂತನೂ ಗೊತ್ತಾಗೂದಿಲ್ಲ."

"ನಿನ್ನ ಸಲುವಾಗಿನ ಮಾಡೀನಿ" ಎಂದ ಹಾಲಸಿದ್ದಪ್ಪ. ಈ ಮಾತು ಹೊರಬರಲಿಕ್ಕೆ ಇಷ್ಟೆಲ್ಲ ಆಗಬೇಕಾಯಿತು. "ನಿನ್ನ ಬಾಜೂಕ ಕೂಡಸ್ಕೊಂಡು ಒಮ್ಮಿ ಎಲ್ಲೆರ ಹೋಗಬೇಕಂತ ಆಸೆ ಇತ್ತು."

"ನನಗ ಗೊತ್ತಿಲ್ಲೇನು? ಆದ್ರ ಕಾರಿನ್ಯಾಗ ಕುಂತ್ರ ನೀವು ಕಾರಿನ ಕೂಡ ಬರ್ತೀರಿ, ನನ್ನ ಕೂಡ ಅಲ್ಲ. ಎಲ್ಲಿ ಸಪ್ಪಳಾತು, ಎಲ್ಲಿ ಕಲ್ಲ ಬಡೀತು, ಅದನ್ನ ಕೇಳ್ಕೋಂತ ಹೊಕ್ಕೀರಿ. ನಾ ಬಾಗಲಾ ಜೋರ ಹಾಕಿದ್ರ ಚೀರ್ತೀರಿ. ಹೌದಲ್ರಿ?"

ಹಾಲಸಿದ್ದಪ್ಪ ಕೈಯಲ್ಲಿದ್ದ ಅರಿವೆಯನ್ನು ನೋಡಿದ.

"ಬಸ್ಸಿನ್ಯಾಗ ನಿಮಗ ಮಾಡಾಕ ಏನೂ ಕೆಲಸಿರೂದಿಲ್ಲ. ಒಂದ ಸಲ ಕೆಲಸಿಲ್ದ ನನ್ನ ಬಾಜೂಕ ಕುಂದರ್ರಿ ನೋಡೂಣು."

"ಮತ್ತ ಕಾರು?"

"ಅದೇನ ಕೂಸ? ಅಳತೈತೇನು?"

ಅಮಾವಾಸ್ಯೆಯ ಬಸ್ಸು ತುಂಬಿ ತುಳುಕುತ್ತಿತ್ತು. ಕಳಕವ್ವ ಕಿಟಕಿಯಿಂದ ಪ್ರಸಾದದ ಚೀಲ ಒಗೆದು ಎರಡು ಸೀಟು ಹಿಡಿದಳು. ತಾನು ಬಲಗಡೆ ಕಿಟಕಿಗೆ ಕೂತು, ಪಕ್ಕದ ಜಾಗಕ್ಕೆ ಬಂದ ಶಂಕ್ರವ್ವನನ್ನು, "ಹಿಂದ ಹೋಗ, ಇದು ನಮ್ಮ ಮನಿಯವರದು" ಎಂದು ಓಡಿಸಿದಳು. ಕಂಡಕ್ಟರು ಅವಳಿಗೆ ಸೊನ್ನೆಯ ಟಿಕೇಟು ಕೊಟ್ಟ, ಅವನ ಕಡೆ ರೊಕ್ಕಕ್ಕೆ ಕೈ ಚಾಚಿದ. ಅವಳು ಮಾತಾಡಿದಳು. ನರಗುಂದದ ಬೀಗರ ಮಾತು, ಶಂಕ್ರವ್ವನ ಸೊಸೆಯ ಮಾತು, ಸವದತ್ತಿಯ ಗುಡ್ಡ ಹತ್ತುವಾಗ ತನಗೆ ದಮ್ಮು ಬಂದ ಮಾತು. ಹಾಲಸಿದ್ದಪ್ಪನಿಗೆ ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಕೇಳಿದ.

ರೋಣದಲ್ಲಿ ಸವಡಿ ಬಸ್ಸಿಗೆ ಬದಲಿಸಿದರು. ಅಲ್ಲಿ ಎಡಗಡೆಯ ಸಾಲು ಸಿಕ್ಕಿತು. ಅವಳು ಕಿಟಕಿಗೆ ಕೂತಳು, ಅವನು ಅವಳ ಬಲಕ್ಕೆ. ಅಷ್ಟು ಕೇಳಿದ ಮೇಲೆ ತಾನೂ ಒಂದು ಮಾತಾಡಬೇಕೆನಿಸಿ, "ಈಗ ದಮ್ಮು ಕಡಿಮಿ ಆಗೇತೇನು?" ಎಂದು ಕೇಳಿದ. ಅವಳು ಹೊರಗೆ ನೋಡುತ್ತಲೇ ಇದ್ದಳು. ಮತ್ತೆ ಕೇಳಿದರೂ ತಿರುಗಲಿಲ್ಲ. ಇನ್ನೂ ಸಿಟ್ಟಿದೆ ಎಂದುಕೊಂಡು ಭುಜ ಮುಟ್ಟಿದ.

ಕಳಕವ್ವ ತಿರುಗಿದಳು. "ಏನರೆ ಅಂದ್ರೇನು? ಆ ಬಲಗಿವಿ ಕೇಳೂದಿಲ್ರಿ ನನಗ. ಏಳ್ರಿ, ಈ ಕಡೆ ನೀವು ಕುಂದರ್ರಿ."

"ಯಾವಾಗಿಂದ?"

"ಆತು ಭಾಳ ವರ್ಷ. ರೂಪಾ ಸಾಲಿಗೆ ಹೊಕ್ಕಿದ್ಲು ಆಗ."

ಅವನು ಎದ್ದು ಕಿಟಕಿಗೆ ಸರಿದ, ಅವಳ ಎಡಕ್ಕೆ. ಫಿಯೆಟ್ಟಿನ ಎಡಗಡೆ ಸೀಟಿನಲ್ಲಿ ಅವಳು ಕೂತಿದ್ದರೆ, ಸ್ಟಿಯರಿಂಗಿನ ಕಡೆ ಇರುತ್ತಿದ್ದದ್ದು ಆ ಕಿವಿಯೇ. ಇಟಗಿಯ ತನಕ ತಾನು ಏನು ಹೇಳಿದ್ದರೂ ಅವಳು ಸುಮ್ಮನೆ ರಸ್ತೆ ನೋಡುತ್ತಿದ್ದಳು, ತಾನು ಅದನ್ನು ಹಟ ಎಂದುಕೊಳ್ಳುತ್ತಿದ್ದ. ಹಾಲಸಿದ್ದಪ್ಪ ಕೇಳುವ ಕಿವಿಯ ಹತ್ತಿರ ಬಗ್ಗಿ, ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದ.

"ಹ್ಞೂಂರಿ, ಈಗ ಕಡಿಮಿ ಐತಿ" ಎಂದಳು ಕಳಕವ್ವ.

ಫಿಯೆಟ್ಟು ಇನ್ನೂ ಇಟಗಿಯಲ್ಲೇ ಇದೆ. ನಾಗರತ್ನಾ ಅದರ ಬಾನೆಟ್ಟಿನ ಮೇಲೆ ಒಂದು ತಾಡಪತ್ರಿ ಹೊದಿಸಿದ್ದಾಳೆ. ಪ್ರತಿ ಅಮಾವಾಸ್ಯೆಗೆ ಗಂಡ ಹೆಂಡತಿ ಅದನ್ನು ತರಬೇಕೆಂದು ಬಸ್ಸು ಹತ್ತಿ ಹೋಗುತ್ತಾರೆ. ಧೂಳು ಒರೆಸುತ್ತಾರೆ, ಸಂಜೆ ಬಸ್ಸಿಗೇ ತಿರುಗಿ ಬರುತ್ತಾರೆ.