ನೊಣ ಕೂರದ ದೇಹ

ಅಕ್ಟೋಬರ್ ೯, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ನಮ್ಮ ಸಂಶೋಧನಾ ಬಯಲಿನ ತಂತಿಬೇಲಿಯೊಳಗೆ, ಚಿಕ್ಕಮ್ಮನ ದೇಹದ ಮೇಲೆ ಒಂದು ನೊಣವೂ ಇರಲಿಲ್ಲ.

ಅವಳು ದಾನ ಕೊಟ್ಟ ದೇಹವನ್ನು ಹಿಂದಿನ ಮಧ್ಯಾಹ್ನವೇ ಅಲ್ಲಿ ಮಲಗಿಸಿದ್ದೆವು. ಒಳ್ಳೆ ಬಿಸಿಲಿತ್ತು. ಅಂಥ ಹೊತ್ತಿನಲ್ಲಿ ನೀಲಿನೊಣ ಬೇಗನೆ ಬಂದು ಕಣ್ಣಂಚಿನಲ್ಲಿ, ಮೂಗಿನಲ್ಲಿ ಮೊಟ್ಟೆಯಿಡುತ್ತದೆ. ಆ ಮೊಟ್ಟೆ ಹುಳುವಾಗಿ ಬೆಳೆಯುವ ವೇಗ ನೋಡಿಯೇ, ಎಲ್ಲೋ ಸಿಕ್ಕ ಶವದ ಸಾವು ಯಾವಾಗ ಆಯಿತೆಂದು ನಾವು ಪೊಲೀಸರಿಗೆ ಹೇಳುವುದು.

ಬಗ್ಗಿ ಮೂಸಿದೆ. ನೀಲಗಿರಿ ಎಣ್ಣೆ.

ಕಾವಲುಗಾರ ತಲೆ ಕೆರೆದುಕೊಂಡ. "ನಿನ್ನೆ ಮಲಗಿಸಿ ನೀವು ಅತ್ತ ಹೋದ ಕೂಡಲೇ ನಿಮ್ಮ ಚಿಕ್ಕಪ್ಪ ಬಂದಿದ್ರು ಮೇಡಂ. ಐದೇ ನಿಮಿಷ ಅಂದ್ರು. ದೊಡ್ಡೋರು, ಹೇಗೆ ಬೇಡ ಅನ್ಲಿ? ಈಗಲೂ ಗೇಟ್ ಹತ್ರ ಕೂತಿದಾರೆ."

ಚಿಕ್ಕಪ್ಪನ ತೊಡೆಯ ಮೇಲೆ ಬಟ್ಟೆಯ ಚೀಲವಿತ್ತು, ಅದರಿಂದ ಎಣ್ಣೆ ಬಾಟಲಿಯ ಕತ್ತು ಇಣುಕುತ್ತಿತ್ತು.

"ಬೆಳಿಗ್ಗೆ ಬೆಳಿಗ್ಗೆ ರೇಗಬೇಡ ಕಣೇ. ಅವಳ ತಟ್ಟೆ ಮೇಲೆ ನೊಣ ಕೂರೋಕೆ ಬಿಟ್ಟವನಲ್ಲ ನಾನು. ಮೈಮೇಲೆ ಬಿಡ್ತೀನಾ?"

"ನೊಣ ಕೂರಲಿ ಅಂತಲೇ ಅವಳು ದೇಹ ಕೊಟ್ಟಿದ್ದು."

"ಅವಳಿಗೇನು ಗೊತ್ತಾಗುತ್ತೆ, ಪಾಪ."

ಪಾಪವಂತೆ! ಚಿಕ್ಕಮ್ಮ ಪ್ರಾಣಿಶಾಸ್ತ್ರ ಓದಿದವಳು. ಕೀಟಗಳ ಮೇಲೆ ಸಂಶೋಧನೆ ಮಾಡಲು ಅವಕಾಶ ಸಿಕ್ಕಾಗ ಇದೇ ಚಿಕ್ಕಪ್ಪ ಅವಳನ್ನು ಕೇಳದೆಯೇ ಬೇಡವೆಂದು ಬರೆದು ಹಾಕಿದ್ದರು. ಯಾಕೆಂದು ಕೇಳಿದರೆ, "ಕೋಳಿ ಕೇಳಿ ಮಸಾಲೆ ಅರೀತಾರಾ?" ಎಂದಿದ್ದರು. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ದೇಹದಾನವೊಂದನ್ನು ಮಾತ್ರ ಅವಳು ಯಾರನ್ನೂ ಕೇಳದೆ ತೀರ್ಮಾನಿಸಿದ್ದಳು. "ಸತ್ತ ಮೇಲಾದರೂ ಕೀಟಗಳ ಜೊತೆ ಕೆಲಸ ಮಾಡ್ತೀನಿ ಬಿಡೇ" ಎಂದು ನನ್ನ ಬೆನ್ನು ತಟ್ಟಿದ್ದಳು.

"ಬದುಕಿದ್ದಾಗ ಅವಳ ಬಾಯಿ ಮುಚ್ಚಿಸಿದ್ರಿ, ಚಿಕ್ಕಪ್ಪ. ಹೆಣದ ಮೇಲೂ ನಿಮ್ಮದೇ ಯಜಮಾನಿಕೆಯಾ?"

"ಪ್ರೀತಿ ಕಣೇ ಅದು!"

"ಇರಬಹುದು. ಅವಳ ಕೆಲಸ ಕೆಡಿಸೋಕೆ ಹೊರಟಾಗೆಲ್ಲ ಆ ಪ್ರೀತಿನೇ ನಿಮ್ಮ ಕೈಗೆ ಸಿಗುತ್ತೆ."

ಅವರ ಕಣ್ಣು ತುಂಬಿತು. ನನಗೆ ಕರಗುವ ಮನಸ್ಸಿರಲಿಲ್ಲ. ಎಣ್ಣೆ ಚರ್ಮಕ್ಕಿಳಿದಿತ್ತು. ಇನ್ನು ತೊಳೆದರೂ ನಮ್ಮ ಮಾಮೂಲಿ ಅಧ್ಯಯನದಲ್ಲಿ ಚಿಕ್ಕಮ್ಮನಿಗೆ ಜಾಗವಿಲ್ಲ. ಉಳಿದದ್ದು ಒಂದೇ ದಾರಿ.

"ಕೊಂದವರೂ ಹೀಗೇ ಹೆಣದ ಮೇಲೆ ಏನಾದ್ರೂ ಸುರೀತಾರೆ. ಎಣ್ಣೆ ನೊಣಗಳನ್ನ ಎಷ್ಟು ಹೊತ್ತು ತಡೆಯುತ್ತೆ ಅಂತ ಅವಳಿಂದಲೇ ಕಲೀತೀವಿ. ಬಾಟಲಿ ಕೊಡಿ."

"ನನ್ನನ್ನ ಕೊಲೆಗಾರರ ಸಾಲಿಗೆ ಸೇರಿಸ್ತೀಯಾ?"

"ಎಲ್ಲೆಲ್ಲಿ ಹಚ್ಚಿದ್ರಿ?"

"ನಿನ್ನನ್ನ ಎತ್ತಿ ಆಡಿಸಿದವನು ನಾನು..."

"ಎಲ್ಲೆಲ್ಲಿ?"

"ಮುಖ," ಎಂದರು ನೆಲ ನೋಡುತ್ತ. "ಕತ್ತು. ಎರಡೂ ಕೈ."

ಇನ್ನೂರು ಮಿಲಿಲೀಟರಿನ ಬಾಟಲಿ, ನಿನ್ನೆಯೇ ಸೀಲು ಒಡೆದದ್ದಂತೆ. ಮಿಕ್ಕಿದ್ದನ್ನು ಅವರ ಎದುರೇ ಅಳತೆಯ ಜಾಡಿಗೆ ಸುರಿದೆ. ಅರವತ್ತಮೂರು ಬಂತು. ಹಚ್ಚಿದ್ದು ನೂರಾ ಮೂವತ್ತೇಳು ಮಿಲಿಲೀಟರ್.